ಕ್ರಮಬದ್ಧವಾಗಿ ಕೆಲಸ ಕಳೆದುಕೊಳ್ಳುವುದು ಹೇಗೆ?

ಕೆಲಸ ಸಿಗಬೇಕಾದರೆ ಅರ್ಹತೆ ಬೇಕು, ಅನುಭವ ಬೇಕು, ಸ್ವಲ್ಪ ವಶೀಲಿಯೂ ಬೇಕು ಎಂಬುದು ಊರು ಬಿಟ್ಟು ಮಹಾರಾಷ್ಟ್ರಕ್ಕೆ ಬಂದ ನಮಗೆಲ್ಲ ಗೊತ್ತು. ನಿರುದ್ಯೋಗಿ ಅನ್ನಿಸಿಕೊಳ್ಳಲಿಕ್ಕೂ ಇವೆಲ್ಲ ಬೇಕು ಎಂಬುದು ತಿಳಿಯುವುದು ಡೊಂಬಿವಲಿ ಎಂಐಡಿಸಿಯಲ್ಲೋ ಥಾಣೆಯ ವಾಗ್ಲೆ ಎಸ್ಟೇಟಿನಲ್ಲೋ ಗೇಟಿನ ಹೊರಗೆ ನಿಂತ ಮೇಲೆ.

ರಾಜ್ಯ ಸರಕಾರ ಏನಾದರೂ ಕೊಟ್ಟೀತೆಂದು ಮಂತ್ರಾಲಯದ ಕಡೆ ನೋಡಬೇಡಿ. ಮಹಾರಾಷ್ಟ್ರದ 1977ರ ಉದ್ಯೋಗ ಖಾತರಿ ಕಾನೂನು ದೇಶಕ್ಕೇ ಮಾದರಿಯಾದದ್ದು ನಿಜ, ಆದರೆ ಅದು ಹಳ್ಳಿಯಲ್ಲಿ ಗುದ್ದಲಿ ಹಿಡಿಯುವವರಿಗೆ. ಕರ್ನಾಟಕದ ಯುವನಿಧಿ 2024ರ ಜನವರಿಯಿಂದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಕೊಡುತ್ತಿದೆ, ಆದರೆ ಅದು ಅಲ್ಲಿಯೇ ಓದಿ, ಅಲ್ಲಿಯೇ ಇದ್ದು, ಹೊಸದಾಗಿ ನಿರುದ್ಯೋಗಿಗಳಾದವರಿಗೆ. ನಾವು ಹಳೆಯ ಸರಕು, ಅದೂ ಹೊರರಾಜ್ಯದ್ದು.

ಉಳಿದದ್ದು ಕೇಂದ್ರದ ಇಎಸ್ಐ. 2018ರ ಜುಲೈ 1ರಿಂದ ಅಲ್ಲಿ ಕೆಲಸ ಕಳೆದುಕೊಂಡವರಿಗೆ ಭತ್ಯೆ ಕೊಡುವ ‘ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನಾ’ ಇದೆ. ಮೊದಲ ಷರತ್ತು ಎರಡು ವರ್ಷದ ಅನುಭವ. ಅಂದರೆ ನಿರುದ್ಯೋಗದ ಹುದ್ದೆಗೆ ಫ್ರೆಶರ್‌ಗಳನ್ನು ತೆಗೆದುಕೊಳ್ಳುವುದಿಲ್ಲ. ಆರಂಭದಲ್ಲಿ ಕೆಲಸ ಹೋಗಿ 90 ದಿನ ಕಳೆದ ಮೇಲೆ ದುಡ್ಡು ಎಂದಿತ್ತು. ಮೂರು ತಿಂಗಳು ಬದುಕಿ ಉಳಿದರೆ ಅಭ್ಯರ್ಥಿ ಪಾಸು. ಜೊತೆಗೆ 20 ರೂಪಾಯಿಯ ಛಾಪಾ ಕಾಗದದಲ್ಲಿ ಅಫಿಡವಿಟ್. ಇನ್ನೂ ಚಂದದ್ದು, ಅರ್ಜಿಯನ್ನು ಮುಂದಕ್ಕೆ ಕಳಿಸಬೇಕಾಗಿದ್ದವನು ಹಳೆಯ ಮಾಲೀಕ! ಕತ್ತು ಹಿಡಿದು ದಬ್ಬಿದವನೇ ‘ಹೌದು, ನಾನೇ ದಬ್ಬಿದ್ದು’ ಎಂದು ಬರೆದುಕೊಡಬೇಕಿತ್ತು. ಸರಕಾರಕ್ಕೆ ಜ್ಞಾನೋದಯವಾಗಲು ಕೊರೊನಾ ಬರಬೇಕಾಯಿತು. 2020ರಲ್ಲಿ 90 ದಿನ ಹೋಗಿ 30 ಆಯಿತು, ಅರ್ಜಿ ನೇರವಾಗಿ ಶಾಖೆಗೆ ಕೊಡಬಹುದು ಎಂದಾಯಿತು, ಸಂಬಳದ ಕಾಲು ಭಾಗವಾಗಿದ್ದ ಭತ್ಯೆ ಅರ್ಧಕ್ಕೇರಿತು.

ಅಷ್ಟಾದರೂ ಕೆಲಸ ಹೇಗೆ ಹೋಯಿತು ಎಂಬುದು ಮುಖ್ಯ. ಶಿಸ್ತುಕ್ರಮದಲ್ಲಿ ಹೋಗಿದ್ದರೆ ಇಲ್ಲ. ಸ್ವಯಂ ನಿವೃತ್ತಿಯಾದರೆ ಇಲ್ಲ. ಇದನ್ನು ಬಲ್ಲ ಎಚ್‌ಆರ್‌ನವರು ಎಸಿ ಕೋಣೆಗೆ ಕರೆದು, ನೀರು ಕೊಟ್ಟು, ‘ವೈಯಕ್ತಿಕ ಕಾರಣಗಳಿಂದ’ ಎಂದು ನಿಮ್ಮ ಕೈಯಲ್ಲೇ ಬರೆಸಿಕೊಳ್ಳುತ್ತಾರೆ. ಲಾಕೌಟ್ ಆದರಂತೂ ಕೇಳಲೇಬೇಡಿ. ಗೇಟಿಗೆ ಬೀಗ, ಬೀಗಕ್ಕೆ ತುಕ್ಕು, ಚಿಮಣಿಯ ಬಾಯಲ್ಲಿ ಅಶ್ವತ್ಥದ ಗಿಡ. ಆದರೆ ನೀವು ನಿರುದ್ಯೋಗಿಯಲ್ಲ, ನೌಕರಿಯಲ್ಲೇ ಇದ್ದೀರಿ. ಮಾಲೀಕ ಯಾವತ್ತಾದರೂ ತೆರೆದಾನು.

ಇಷ್ಟನ್ನೂ ದಾಟಿ ಬಂದ ಕುಂದಾಪುರ ಕಡೆಯ ಹಿರಿಯರೊಬ್ಬರ ಜೊತೆ ಅರ್ಜಿ ತುಂಬಿಸಲು ಡೊಂಬಿವಲಿ ಪೂರ್ವದ ಝೆರಾಕ್ಸ್ ಅಂಗಡಿಗೆ ಹೋಗಿದ್ದೆ. ಕಂಪ್ಯೂಟರಿನ ಹುಡುಗ ಕೇಳಿದ, “ಕಾಕಾ, ಆಡನಾವ್?”

“ಅಡ್ಡಹೆಸರು ನಮ್ಮಲ್ಲಿಲ್ಲ ಮಾರಾಯ, ಇನಿಶಿಯಲ್ ಮಾತ್ರ” ಎಂದು ಅವರು ಕನ್ನಡದಲ್ಲೇ ಅಂದರು. ಹುಡುಗ ನನ್ನ ಮುಖ ನೋಡಿದ.

ಇವರನ್ನು ಸೇರಿಸಿಕೊಂಡ ದಿನ ಫ್ಯಾಕ್ಟರಿಯ ಗುಮಾಸ್ತ ಊರ ಹೆಸರನ್ನೇ ಆಡನಾವ್ ಮಾಡಿ ಮಸ್ಟರಿಗೆ ಏರಿಸಿದ್ದ. ಆಧಾರ್ ಕಾರ್ಡಿನಲ್ಲಿ ಆ ಜಾಗಕ್ಕೆ ಅಪ್ಪನ ಹೆಸರು ಬಂದಿದೆ. ಬ್ಯಾಂಕಿನಲ್ಲಿ ಬರೀ ಎರಡು ಅಕ್ಷರ. ಹೀಗೆ ಒಂದೇ ಮನೆಯಲ್ಲಿ ಮೂವರ ಕೆಲಸ ಹೋಗಿದೆ, ಒಬ್ಬನಿಗೂ ಭತ್ಯೆ ಇಲ್ಲ. “ಅಣ್ಣ, ಈಗ ಎಂತ ಮಾಡುದು?” ಎಂದೆ. “ಎಂತ ಮಾಡುದು? ಮೂರೂ ಜನ ಊಟಕ್ಕೆ ಹೋಪ” ಅಂದರು.

ಎಲ್ಲವೂ ಸರಿಯಾದರೆ ಸಿಗುವುದು ಇಡೀ ಜೀವಮಾನಕ್ಕೆ ಒಟ್ಟು 90 ದಿನದ ಭತ್ಯೆ. ಎರಡನೇ ಸಲ ಕೆಲಸ ಹೋದರೆ ಅದು ನಿಮ್ಮ ಸ್ವಂತ ಖರ್ಚಿನಲ್ಲಿ.

ಐರೋಲಿ, ಮಹಾಪೆಯ ಗಾಜಿನ ಕಟ್ಟಡಗಳಿಂದ ಲ್ಯಾಪ್‌ಟಾಪ್ ವಾಪಸು ಮಾಡಿ ಹೊರಬಿದ್ದವರಿಗೆ ಈ ರಗಳೆ ಇಲ್ಲ. ಇಎಸ್ಐಯ ಸಂಬಳದ ಮಿತಿ 21,000 ರೂಪಾಯಿ ಎಂದು 2017ರಲ್ಲೇ ಗೆರೆ ಎಳೆದಾಗಿದೆ. ಅದಕ್ಕಿಂತ ಮೇಲಿನವರಿಗೆ ಸಾಲದ ಕಂತು ಇರಬಹುದು, ನಿರುದ್ಯೋಗ ಇರುವುದಿಲ್ಲ. ಅವರಿಗಿರುವುದು ಪಿಎಫ್, ಅಂದರೆ ಅವರದೇ ದುಡ್ಡು. ಮೊದಲು ಕೆಲಸ ಹೋಗಿ ಎರಡು ತಿಂಗಳಿಗೆ ಪೂರ್ತಿ ತೆಗೆಯಬಹುದಿತ್ತು. 2025ರ ಅಕ್ಟೋಬರಿನಲ್ಲಿ ಪಿಎಫ್ ಮಂಡಳಿ ಹೊಸ ನಿರ್ಧಾರ ಮಾಡಿತು: ಮುಕ್ಕಾಲು ಭಾಗ ಕೂಡಲೇ, ಉಳಿದ ಕಾಲು ಭಾಗ ವರ್ಷ ತುಂಬಿದ ಮೇಲೆ. ಆ ಒಂದು ವರ್ಷದೊಳಗೆ ಅಪ್ಪಿತಪ್ಪಿ ಎಲ್ಲಾದರೂ ಕೆಲಸ ಸಿಕ್ಕಿಬಿಟ್ಟೀತು, ಜೋಪಾನ.