ಕ್ಯಾಲರಿ ಮೇಷ್ಟ್ರು

ಸಾಮಾನು ಕೊಳ್ಳುವುದಕ್ಕಿಂತ ಕೊಳ್ಳುವ ಮುಂಚಿನ ವಿಚಾರಣೆಯಲ್ಲೇ ಸುಖ ಕಾಣುವವರು ಪ್ರತಿ ಊರಿನಲ್ಲೂ ಒಬ್ಬರಿರುತ್ತಾರೆ. ಮೊದಲು ಇವರು ಪಂಪ್‌ಸೆಟ್ಟಿನ ಕಂಪನಿಗಳನ್ನು ತೂಗಿ ನೋಡುತ್ತಿದ್ದರು, ಆಮೇಲೆ ಸ್ಕೂಟರಿನ ಮೈಲೇಜು, ಈಗ ಕ್ಯಾಲರಿ ಎಣಿಸುವ ಆ್ಯಪ್. ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿಯಲ್ಲಿ ಈ ಹುದ್ದೆ ನಿವೃತ್ತ ಮೇಷ್ಟ್ರೊಬ್ಬರದು. ಹೆಸರು ಬೇಡ, ನಿಮ್ಮೂರಿನವರದನ್ನೇ ಹಾಕಿಕೊಳ್ಳಿ.

ಡಾಕ್ಟರು ಹೇಳಿದ್ದಿಷ್ಟೆ: "ಊಟ ಸ್ವಲ್ಪ ಕಮ್ಮಿ ಮಾಡಿ." ಆದರೆ ಮೂವತ್ತು ವರ್ಷ ಗಣಿತ ಕಲಿಸಿದವರಿಗೆ "ಸ್ವಲ್ಪ" ಎಂದರೆ ಒಂದು ಲೆಕ್ಕವೆ? ಮೊಬೈಲ್ ಅಂಗಡಿಯ ಹುಡುಗನನ್ನು ಹಿಡಿದು ಸಿಕ್ಕಷ್ಟು ಆ್ಯಪ್ ಇಳಿಸಿಕೊಂಡರು, ನೂರು ಪುಟದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಎಲ್ಲಕ್ಕೂ ಅಂಕ ಹಾಕತೊಡಗಿದರು. ಹೆಲ್ತಿಫೈಮಿ ಬೆಂಗಳೂರಿನಲ್ಲಿ 2012ರಲ್ಲಿ ಹುಟ್ಟಿದ್ದು. ನಮ್ಮವರು ಎಂದು ಐದು ಅಂಕ ಹೆಚ್ಚು. ಅಮೆರಿಕದ ಮೈಫಿಟ್‌ನೆಸ್‌ಪಾಲ್ 2005ರದ್ದು, ಹಿರಿತನಕ್ಕೆ ಐದು. ಅದೇ ಆ್ಯಪ್ 2022ರಲ್ಲಿ ಬಾರ್‌ಕೋಡ್ ಓದುವ ಸೌಲಭ್ಯವನ್ನು ದುಡ್ಡು ಕೊಟ್ಟವರಿಗಷ್ಟೇ ಮೀಸಲಿಟ್ಟಿತೆಂದು ತಿಳಿದಾಗ ಮೇಷ್ಟ್ರು ಕೆರಳಿ ಹತ್ತು ಅಂಕ ಕಳೆದರು. ಅವರ ಅಡುಗೆಮನೆಯಲ್ಲಿ ಬಾರ್‌ಕೋಡ್ ಇದ್ದದ್ದು ಉಪ್ಪಿನ ಪ್ಯಾಕೆಟ್ಟಿಗೆ ಮಾತ್ರ. ಉಪ್ಪಿನಲ್ಲಿ ಕ್ಯಾಲರಿ ಸೊನ್ನೆ.

ನಿಜವಾದ ಪರೀಕ್ಷೆ ನಡೆದದ್ದು ಮುದ್ದೆ, ಹುರುಳಿ ಸಾರಿನ ಮುಂದೆ. ತಟ್ಟೆಯ ಫೋಟೊ ಹೊಡೆದರೆ ಸಾಕು, ಕೃತಕ ಬುದ್ಧಿಮತ್ತೆ ಪದಾರ್ಥ ಯಾವುದು, ಎಷ್ಟಿದೆ ಎಂದು ಅಂದಾಜಿಸಿ ಲೆಕ್ಕ ಒಪ್ಪಿಸುತ್ತದೆ. ಮೊದಲ ಆ್ಯಪ್ ಮುದ್ದೆಯನ್ನು ಚಾಕಲೇಟ್ ಕೇಕ್ ಎಂದಿತು. ಎರಡನೆಯದು ಬೆಳಕಿನಲ್ಲಿ ಇನ್ನೊಂದು ಫೋಟೊ ತೆಗೆಯಿರಿ ಎಂದಿತು. ತಟ್ಟೆ ಹಿಡಿದು ಜಗುಲಿಗೆ ಬಂದರು. "ಮುದ್ದೆ ಆರೋಗ್ತೈತೆ, ಉಣ್ಣಿ ಮೊದ್ಲು" ಎಂದು ಒಳಗಿನಿಂದ ಕೂಗು ಬಂತು. ಮೂರನೆಯ ಆ್ಯಪ್ ಮುದ್ದೆಯನ್ನು ಮುದ್ದೆಯೆಂದೇ ಗುರುತಿಸಿ, ಮಿಕ್ಕೆಲ್ಲಕ್ಕಿಂತ ಕಡಿಮೆ ಕ್ಯಾಲರಿ ಹೇಳಿತು. ಜಾತಕ ಹೊಂದುವ ತನಕ ಜೋಯಿಸರನ್ನು ಬದಲಿಸುವ ಬೀಗರ ಹಾಗೆ ಮೇಷ್ಟ್ರು ಅಲ್ಲಿಗೆ ಹುಡುಕಾಟ ನಿಲ್ಲಿಸಿದರು.

ಆ್ಯಪ್‌ಗಳ ಪರವಾಗಿಯೂ ಒಂದು ಮಾತು ಹೇಳಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ 528 ಆಹಾರಗಳ ಕೋಷ್ಟಕ ಹೊರತಂದಿದೆ. ಅದರಂತೆ 100 ಗ್ರಾಂ ರಾಗಿಗೆ ಸುಮಾರು 320 ಕ್ಯಾಲರಿ. ಆದರೆ ಎಸರಿಗೆ ನೀರು ಎಷ್ಟು, ಹಿಟ್ಟು ಎಷ್ಟು ಎಂಬುದು ತೊಳಸಿದ ಕೈಗೆ ಗೊತ್ತೇ ಹೊರತು ಮುದ್ದೆಯ ಮುಖದ ಮೇಲೆ ಬರೆದಿರುವುದಿಲ್ಲ. ಸಾರಿನ ಒಗ್ಗರಣೆಯೂ ಅಷ್ಟೆ: ಗ್ರಾಂ ಎಣ್ಣೆಗೆ 9 ಕ್ಯಾಲರಿ, ಫೋಟೊದಲ್ಲಿ ಕಾಣುವುದು ನಾಲ್ಕು ಸಾಸಿವೆ. ಗೂಗಲ್‌ನ ಸಂಶೋಧಕರು 2021ರಲ್ಲಿ ಇಂಥ ಲೆಕ್ಕಕ್ಕೆಂದು ಸುಮಾರು 5000 ತಟ್ಟೆಗಳ ಊಟವನ್ನು ತೂಕ ಹಾಕಿ, ಆಳ ಅಳೆಯುವ ಕ್ಯಾಮೆರಾದಲ್ಲಿ ಸೆರೆಹಿಡಿದರು. ಅದೆಲ್ಲ ಅಮೆರಿಕದ ಕ್ಯಾಂಟೀನಿನ ಊಟ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಅಲ್ಲಿಗೆ ಹೋಗಿರಲಾರದು. ಮೇಷ್ಟ್ರಿಗೆ ಇದರಿಂದ ಲಾಭವೇ ಆಯಿತು. ತುಮಕೂರಿಗೆ ಹೋದಾಗಲೆಲ್ಲ ಅಂಗೈ ಅಗಲವನ್ನೂ ಮೀರುವ ಎರಡನ್ನು ತಿಂದು "ಇಡ್ಲಿ: 2" ಎಂದು ಬರೆದರು, ಅದರ ಮೇಲಿನ ಬೆಣ್ಣೆಯನ್ನು ಬರೆಯಲಿಲ್ಲ.

ಸಂಜೆ ಬಸ್ ನಿಲ್ದಾಣದ ಕಟ್ಟೆಯಲ್ಲಿ ಹುರಿದ ಕಡ್ಲೆಕಾಯಿ ಸುಲಿಯುತ್ತಾ ಕ್ಯಾಲರಿ ಪಾಠ. ಕಡ್ಲೆಕಾಯಿ ಬೀಜ 100 ಗ್ರಾಮಿಗೆ 500 ಕ್ಯಾಲರಿ ದಾಟುತ್ತದೆ. ಆದರೆ ತಟ್ಟೆಗೆ ಬಾರದ್ದು ಫೋಟೊಗೆ ಬಾರದು, ಫೋಟೊಗೆ ಬಾರದ್ದನ್ನು ತಿಂದಂತೆಯೂ ಅಲ್ಲ.

ಅವರ ಜಾಣತನದ ಶಿಖರ ಬೇರೆಯೇ ಇದೆ. ಕೆಲಸದ ಬಗೆ ಯಾವುದು ಎಂದು ಆ್ಯಪ್ ಕೇಳಿತು. ಅದೇ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ 65 ಕಿಲೊ ತೂಕದ ಗಂಡಸು ಕೂತು ಕೆಲಸ ಮಾಡುವವನಾದರೆ ದಿನಕ್ಕೆ 2110 ಕ್ಯಾಲರಿ, ಮೈಮುರಿದು ದುಡಿಯುವವನಾದರೆ 3470. ಮೇಷ್ಟ್ರು ಕೊಂಚವೂ ಅಳುಕದೆ "ಹೆವಿ" ಒತ್ತಿದರು. ಹೊಲ ಇದೆಯಲ್ಲ! ಅದನ್ನು ವಾರಕ್ಕೆ ಕೊಟ್ಟು ಎಷ್ಟೋ ವರ್ಷವಾಯಿತು. ಉಳುವವನ ಬೆವರೂ ಈಗ ಮೇಷ್ಟ್ರ ಖಾತೆಗೆ ಜಮೆ.

"ಸಾರ್, ಮೂರು ದಿನ ಫ್ರೀ. ಆಮೇಲೆ ಆಟೊಪೇಲಿ ದುಡ್ಡು ಕಟ್ಟಾಗ್ತೈತೆ, ನೆನಪಿಟ್ಕಳಿ" ಎಂದು ಅಂಗಡಿ ಹುಡುಗ ಎಚ್ಚರಿಸಿದ್ದ. ಮೂರನೆಯ ದಿನ ಮೇಷ್ಟ್ರು ಖಾತೆ ಮುಚ್ಚಿ, ಹೆಂಡತಿಯ ನಂಬರಿನಲ್ಲಿ ಹೊಸದು ತೆರೆಯಲು ಕೂತರು. ಹೆಣ್ಣು ಎಂದು ಒತ್ತಿದರು, ವಯಸ್ಸು ಹಾಕಿದರು, ಕೆಲಸದ ಬಗೆಗೆ ಬಂದಾಗ ಬೆರಳು ತಾನಾಗಿ ಮೊದಲ ಸಾಲಿಗೆ ಹೋಯಿತು.

"ಸೆಡೆಂಟರಿ ಅಂದ್ರೇನ್ರೀ?" ಆಕೆ ಬೆನ್ನ ಹಿಂದೆಯೇ ನಿಂತಿದ್ದರು.

"ಮನೇಲೇ ಕೂತಿರೋರು ಅಂತ."

"ಹಂಗಾ? ಅದನ್ನೇ ಒತ್ತಿ. ನಾನು ಇಲ್ಲೇ ಕೂತಿರ್ತೀನಿ. ಹಸುಗೆ ಹುಲ್ಲು ಹಾಕಿ, ಹಾಲು ಕರೆದು ಡೇರಿಗೆ ಕೊಟ್ಟು, ಬಂದು ಮುದ್ದೆಗೆ ಎಸರಿಡಿ."

ಮೇಷ್ಟ್ರು ಸರಕ್ಕನೆ "ಹೆವಿ" ಒತ್ತಿದರು.