ಮನೆ ಬದಲಾವಣೆಗೆ 20 ಅಂಕ

ಮನೆ ಬದಲಿಸುವುದರಿಂದ ಮನುಷ್ಯರ ನೆಮ್ಮದಿ ಎಷ್ಟು ಕೆಡುತ್ತದೆ ಎಂಬುದನ್ನು ಅಂಕಿಗಳಲ್ಲಿ ಅಳೆಯುವ ಸಾಹಸವನ್ನು ಅಮೆರಿಕದ ಮನೋವೈದ್ಯರಾದ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ 1967ರಲ್ಲೇ ಮಾಡಿದ್ದಾರೆ. ಬದುಕಿನ 43 ಏರುಪೇರುಗಳನ್ನು ಪಟ್ಟಿಮಾಡಿ, ಒಂದೊಂದಕ್ಕೂ ಹೊಂದಿಕೊಳ್ಳಲು ಮನಸ್ಸು ಎಷ್ಟು ಹೆಣಗಬೇಕಾಗುತ್ತದೆ ಎಂಬುದನ್ನು ನೋಡಿ ಅಂಕ ಕೊಟ್ಟ ಈ ಮಾಪಕದಲ್ಲಿ ಬಾಳಸಂಗಾತಿಯ ಸಾವಿಗೆ 100, ಮದುವೆಗೆ 50, ಮನೆ ಬದಲಾವಣೆಗೆ 20 ಅಂಕಗಳಿವೆ. ವರ್ಷವೊಂದರ ಮೊತ್ತ 150 ದಾಟಿದರೆ ಕಾಯಿಲೆ ಬೀಳುವ ಸಂಭವ ಹೆಚ್ಚುತ್ತದೆಂದೂ 300 ದಾಟಿದರೆ ಇನ್ನಷ್ಟು ಹೆಚ್ಚುತ್ತದೆಂದೂ ಅದರ ಲೆಕ್ಕಾಚಾರ. ಬೆಂಗಳೂರಿನ ಬಾಡಿಗೆದಾರರ ಕಣ್ಣಿಗೆ ಈ 20 ತೀರಾ ಜಿಪುಣತನದ ಮೌಲ್ಯಮಾಪನವಾಗಿ ಕಾಣುವುದು ಸಹಜ.

ಆದರೆ ಪಟ್ಟಿಯನ್ನು ಪೂರ್ತಿ ಓದಿದವರಿಗೆ ಆ ಇಬ್ಬರ ಮೇಲಿನ ಸಿಟ್ಟು ಇಳಿಯುತ್ತದೆ, ಏಕೆಂದರೆ ಈ 20 ಎಂದೂ ಒಂಟಿಯಾಗಿ ಬರುವುದಿಲ್ಲ. ವಾಸದ ಪರಿಸ್ಥಿತಿ ಬದಲಾದದ್ದಕ್ಕೆ 25, ಮಕ್ಕಳ ಶಾಲೆ ಬದಲಾಯಿಸಿದ್ದಕ್ಕೆ 20, ಪಕ್ಕದ ಬೀದಿಯ ಗೆಳೆಯರೂ ಭಜನಾ ಮಂಡಳಿಯೂ ದೂರವಾದದ್ದಕ್ಕೆ 18, ನಿದ್ದೆ ಕೆಟ್ಟದ್ದಕ್ಕೆ 16, ಹೋಟೆಲಿನ ಇಡ್ಲಿಯೇ ಮೂರು ಹೊತ್ತಿನ ಊಟವಾದದ್ದಕ್ಕೆ 15, ದೇವರ ಮನೆ ಯಾವ ದಿಕ್ಕಿಗಿರಬೇಕೆಂಬ ವಿಚಾರದಲ್ಲಿ ಬೀಗರೊಡನೆ ಹುಟ್ಟುವ ಮನಸ್ತಾಪಕ್ಕೆ 29 ಸೇರಿ ಮೊತ್ತ 143ಕ್ಕೆ ಏರುತ್ತದೆ. ಸಣ್ಣಪುಟ್ಟ ಕಾನೂನು ಉಲ್ಲಂಘನೆಗೂ ಅದೇ ಪಟ್ಟಿಯಲ್ಲಿ 11 ಅಂಕಗಳಿರುವುದರಿಂದ, ಟೆಂಪೋದಲ್ಲಿ ಹಿಡಿಯದ ಹಾಸಿಗೆಯನ್ನು ಸ್ಕೂಟರಿನ ಹಿಂಬದಿಗೆ ಅಡ್ಡಲಾಗಿ ಕಟ್ಟಿ ಸಿಗ್ನಲ್ ದಾಟುವ ಗೃಹಸ್ಥರು ಕೊನೆಗೂ 150ರ ಗಡಿ ದಾಟುತ್ತಾರೆ.

ಮಾಪಕದಲ್ಲಿ ಒಂದು ದೊಡ್ಡ ಲೋಪವೂ ಇದೆ: ಅದರಲ್ಲಿ ಅಡ್ವಾನ್ಸ್ ಇಲ್ಲ. ಅಡ್ವಾನ್ಸ್ ಎಂದರೆ ಬಾಡಿಗೆದಾರರು ಮಾಲೀಕರ ಬಳಿ ಬಡ್ಡಿಯಿಲ್ಲದೆ ಇಡುವ ಭದ್ರತಾ ಠೇವಣಿ; ಬೆಂಗಳೂರಿನಲ್ಲಿ ಅದು 10 ತಿಂಗಳ ಬಾಡಿಗೆಯಷ್ಟಿರುವುದು ಬಹುಕಾಲದ ರೂಢಿ. 2021ರಲ್ಲಿ ಕೇಂದ್ರ ಸರ್ಕಾರ ರೂಪಿಸಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗಳಿಗೆ ಎರಡು ತಿಂಗಳ ಮಿತಿಯನ್ನು ಸೂಚಿಸಿದ್ದರೂ, ಮಾದರಿಯನ್ನು ಕಾನೂನಾಗಿಸುವ ಕೆಲಸ ರಾಜ್ಯಗಳಿಗೆ ಸೇರಿದ್ದು. ಹೊಸ ಮನೆಯ ಅಡ್ವಾನ್ಸ್ ಕಟ್ಟಲು ಹಳೆಯ ಮನೆಯದು ಕೈಗೆ ಬರಬೇಕು, ಹಳೆಯ ಮಾಲೀಕರು ಅದನ್ನು ಕೊಡಲು ಅವರಿಗೊಬ್ಬ ಹೊಸ ಬಾಡಿಗೆದಾರ ಸಿಗಬೇಕು, ಆ ಹೊಸ ಬಾಡಿಗೆದಾರನಿಗೆ ಅವನ ಹಳೆಯ ಮಾಲೀಕರು ಕೊಡಬೇಕು. ಹೀಗೆ ನಗರದ ಯಾವುದೋ ತುದಿಯಲ್ಲಿ ಯಾರೋ ಒಬ್ಬರು ಚೆಕ್ಕಿಗೆ ಸಹಿ ಹಾಕುವವರೆಗೆ ಇಡೀ ಸಾಲು ಗಂಟುಮೂಟೆ ಕಟ್ಟಿಕೊಂಡು ಕಾಯುತ್ತದೆ. ಕೊನೆಗೆ ಹಣ ಬಂದಾಗ ಗೋಡೆಗೆ ಸುಣ್ಣಬಣ್ಣದ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದಿರುತ್ತದೆ. ಬಣ್ಣ ಬಳಿಯುವುದು ಮಾತ್ರ ಮಾಲೀಕರ ಇಷ್ಟಕ್ಕೆ ಬಿಟ್ಟ ವಿಷಯ. ಒಂದು ವರ್ಷಕ್ಕೆ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕಾಗಿರುವುದರಿಂದ ಎಲ್ಲರೂ 11 ತಿಂಗಳಿಗೇ ಕರಾರು ಬರೆಸುತ್ತಾರೆ. ಆದ್ದರಿಂದ ಈ ಆತಂಕಕ್ಕೆ ನವೀಕರಣದ ಸೌಲಭ್ಯವೂ ಇದೆ.

ಈ ನಾಡಿನವರು ಕಂಡುಕೊಂಡಿರುವ ಅತ್ಯುತ್ತಮ ಒತ್ತಡ ನಿವಾರಣಾ ಕ್ರಮವೆಂದರೆ ಆಷಾಢ. ಆ ತಿಂಗಳಲ್ಲಿ ಮನೆ ಬದಲಿಸಬಾರದೆಂಬ ನಂಬಿಕೆಯಿಂದಾಗಿ ಸಾಮಾನು ಕಟ್ಟುವ ಕೆಲಸವನ್ನು ಗೌರವಯುತವಾಗಿ ಮುಂದೂಡಬಹುದು.

ಮುಂದೂಡಲಾಗದ ದಿನ ಬಂದಾಗ ಎದುರಾಗುವುದು ಅಟ್ಟ. ಕೈಯಲ್ಲಿರುವ ವಸ್ತುವಿಗೆ, ಅದು ತನ್ನದೆಂಬ ಒಂದೇ ಕಾರಣಕ್ಕೆ, ಇರುವುದಕ್ಕಿಂತ ಹೆಚ್ಚು ಬೆಲೆ ಕಟ್ಟುವ ಮನುಷ್ಯ ಸ್ವಭಾವವನ್ನು ಅರ್ಥಶಾಸ್ತ್ರದಲ್ಲಿ ಸ್ವಾಮ್ಯ ಪರಿಣಾಮ ಎನ್ನುತ್ತಾರೆ. ಡೇನಿಯಲ್ ಕಾನ್ಮನ್, ಜ್ಯಾಕ್ ನೆಚ್ ಮತ್ತು ರಿಚರ್ಡ್ ಥೇಲರ್ 1990ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕಾಫಿ ಮಗ್ ಸಿಕ್ಕ ವಿದ್ಯಾರ್ಥಿಗಳು ಅದನ್ನು ಮಾರಲು ಕೇಳಿದ ಬೆಲೆ ಕೊಳ್ಳುವವರು ಕೊಡಲು ಒಪ್ಪಿದ್ದಕ್ಕಿಂತ ಸುಮಾರು ಎರಡು ಪಟ್ಟಿತ್ತು. ಆ ವಿದ್ವಾಂಸರು ಅಟ್ಟದ ಮೇಲಿನ ಟಿ.ವಿ. ಡಬ್ಬವನ್ನು ಕಂಡಿದ್ದರೆ ಮಗ್ಗಿನ ಗೋಜಿಗೇ ಹೋಗುತ್ತಿರಲಿಲ್ಲ. ಮನೆ ಬದಲಿಸುವಾಗ ಬೇಕಾಗುತ್ತದೆಂದು ಥರ್ಮೋಕೋಲ್ ಸಮೇತ ವರ್ಷಗಟ್ಟಲೆ ಕಾಪಾಡಿದ ಆ ಡಬ್ಬವನ್ನು ಕೆಳಗಿಳಿಸುವ ಹೊತ್ತಿಗೆ ಟಿ.ವಿ. ಬದಲಾಗಿರುತ್ತದೆ, ಹೊಸದರ ಅಗಲಕ್ಕೆ ಡಬ್ಬ ಸಾಲುವುದಿಲ್ಲ. ಆಗ ಬುದ್ಧಿವಂತ ಕುಟುಂಬಗಳು ಅದರೊಳಗೆ ಮೋಟಾರು ಸುಟ್ಟ ಮಿಕ್ಸಿಯ ಜಾರುಗಳನ್ನು ತುಂಬಿ, ಗೋಣಿದಾರದಿಂದ ಬಿಗಿದು, ಮೇಲೆ ‘ಇತರೆ’ ಎಂದು ಬರೆದು, ಟೆಂಪೋಗೆ ಬಾಡಿಗೆ ಕೊಟ್ಟು ಹೊಸ ಅಟ್ಟಕ್ಕೆ ಏರಿಸುತ್ತವೆ. ಇಂಥ ವೇಳೆಯಲ್ಲಿ ದೀರ್ಘವಾಗಿ ಉಸಿರೆಳೆದುಕೊಳ್ಳಬೇಕೆಂದು ಒತ್ತಡ ನಿರ್ವಹಣೆಯ ಕೈಪಿಡಿಗಳು ಹೇಳುತ್ತವಾದರೂ, ಅಟ್ಟದ ಧೂಳಿನ ನಡುವೆ ಆ ಸಲಹೆಯನ್ನು ಪಾಲಿಸದಿರುವುದೇ ಕ್ಷೇಮ.

ಹೊಸ ಮನೆಯಲ್ಲಿ ಮೊದಲು ಆಗಬೇಕಾದದ್ದು ಹಾಲು ಉಕ್ಕಿಸುವ ಶಾಸ್ತ್ರ. ಪಾತ್ರೆ, ಲೈಟರ್, ಅರಿಶಿನ ಕುಂಕುಮದ ಭರಣಿ ಮೂರೂ ‘ಇತರೆ’ ಎಂದು ಬರೆದ ಡಬ್ಬಗಳಲ್ಲೇ ಇದ್ದು, ಅಂಥ ಡಬ್ಬಗಳು ಹಲವಾರಿರುವುದರಿಂದ ಹಾಲು ಉಕ್ಕುವ ಮುನ್ನವೇ ಮನೆಯವರ ಪಿತ್ತ ನೆತ್ತಿಗೇರಿರುತ್ತದೆ. ಆದ್ದರಿಂದ ಮನೆ ಬದಲಿಸುವವರು ಬೇರೆ ಯಾವ ಸಲಹೆಯನ್ನು ಮರೆತರೂ ಚಿಂತೆಯಿಲ್ಲ. ಈ ಮೂರರ ಜೊತೆಗೆ ಕಾಫಿ ಪುಡಿ, ಸಕ್ಕರೆ, ಫಿಲ್ಟರ್ ಮತ್ತು ಸೊಳ್ಳೆ ಬತ್ತಿಯನ್ನು ಒಂದು ಕೈಚೀಲಕ್ಕೆ ಹಾಕಿ, ಅದನ್ನು ಮಾತ್ರ ಟೆಂಪೋದವರ ಕೈಗೆ ಕೊಡದೆ ತೊಡೆಯ ಮೇಲಿಟ್ಟುಕೊಂಡು ಹೋಗಬೇಕು.