ತುಕ್ಕುಸಂಧಿ ಪ್ರಕರಣ: ಒಂದು ಪ್ರಿಮಿಯರ್ ಪದ್ಮಿನಿಯ ಗ್ರಂಥಸಂಪಾದನೆ

ಪೀಠಿಕೆ

ಪ್ರಸ್ತುತ ಪ್ರಬಂಧವು ಉಡುಪಿ ಜಿಲ್ಲೆಯ ಕಡಲ ಬದಿಯ ಒಂದು ಹಟ್ಟಿಯಲ್ಲಿ (ದನ ಮಾರಿ ಹನ್ನೆರಡು ವರ್ಷವಾಯಿತು) ನಿಂತಿರುವ 1978ರ ಪ್ರಿಮಿಯರ್ ಪದ್ಮಿನಿ ಎಂಬ ಪಠ್ಯವನ್ನು ತುಕ್ಕಿನ ಪರಿಪ್ರೇಕ್ಷ್ಯದಲ್ಲಿ ಮುಖಾಮುಖಿಯಾಗಿಸಿಕೊಂಡು, ಅದರ ಲೋಹೀಯ ಅನನ್ಯತೆಯ ಸ್ಥಿತ್ಯಂತರಗಳನ್ನು ಅನುಸಂಧಾನದ ನೆಲೆಗಟ್ಟಿನಲ್ಲಿ ನಿರ್ವಚಿಸುವ ಒಂದು ವಿನಮ್ರ ಪ್ರಯತ್ನವಾಗಿದೆ. ಅಂದರೆ, ಅಪ್ಪನ ಕಾರಿಗೆ ತುಕ್ಕು ಹಿಡಿದಿದೆ, ನಾನು ಉಜ್ಜುತ್ತಿದ್ದೇನೆ.

ಇಷ್ಟು ಸಣ್ಣ ಸಂಗತಿಗೆ ಅಷ್ಟು ದೊಡ್ಡ ವಾಕ್ಯ ಯಾಕೆಂದರೆ, ನಾನು ಮೂವತ್ತೊಂದು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಕೊನೆಗೆ ಹೋದ ಎರಡು ದಿನದ ರಾಷ್ಟ್ರೀಯ ವಿಚಾರ ಸಂಕಿರಣದಲ್ಲಿ ದಿಕ್ಸೂಚಿ ಭಾಷಣಕ್ಕೆ ಬಂದ ವಿದ್ವಾಂಸರು, ನಮ್ಮ ಭಾಷೆಗೆ ತುಕ್ಕು ಹಿಡಿದಿದೆ, ಅದನ್ನು ಉಜ್ಜಿ ಹೊಳಪಿಸುವ ಚಾರಿತ್ರಿಕ ಜರೂರು ನಮ್ಮೆದುರಿಗಿದೆ ಎಂದು ಒಂದೂವರೆ ಗಂಟೆ ಹೇಳಿದರು. ಮೂರನೇ ಸಾಲಿನಲ್ಲಿ ನಾನು ಕೂತಿದ್ದೆ, ಉಗುರಿನ ಸಂದಿಯಲ್ಲಿ ರೆಡ್ ಆಕ್ಸೈಡ್ ಇಟ್ಟುಕೊಂಡು. ಎಷ್ಟನೇ ನಂಬರಿನ ಪೇಪರಿನಲ್ಲಿ ಉಜ್ಜಬೇಕು ಎಂಬುದನ್ನು ಮಾತ್ರ ಅವರು ಹೇಳಲಿಲ್ಲ. 80ರಲ್ಲಿ ತಿಕ್ಕಿದರೆ ಗೀರು ಉಳಿಯುತ್ತದೆ. ನೇರ 400ಕ್ಕೆ ಹೋದರೆ ತುಕ್ಕಿಗೆ ಕಚಗುಳಿ ಇಟ್ಟಂತಾಗುತ್ತದೆ. ಕೇಳೋಣ ಎಂದು ಕೈಯೆತ್ತಿದೆ. ಸಮಯದ ಅಭಾವದಿಂದ ಸಂವಾದವನ್ನು ಮೊಟಕುಗೊಳಿಸಲಾಗಿದೆ ಎಂದು ಊಟಕ್ಕೆ ಎಬ್ಬಿಸಿದರು. ಆ ಹೊತ್ತಿನಿಂದ ಈ ಪ್ರಬಂಧ ನನ್ನೊಳಗೆ ಕುದಿಯುತ್ತಿದೆ.

ಈ ವಿಷಯದಲ್ಲಿ ಹೇಳಿಕೊಳ್ಳುವಂಥ ಅಧ್ಯಯನಗಳು ಈವರೆಗೆ ನಡೆದಿಲ್ಲ. (ಹುಡುಕಿಲ್ಲ. ಹುಡುಕದೆಯೇ ಈ ವಾಕ್ಯ ಬರೆಯುವುದು ನಮ್ಮ ಶಾಸ್ತ್ರದ ಸಂಪ್ರದಾಯ.)

ಪಠ್ಯದ ಚರಿತ್ರೆ

ಮೂಲಪಾಠ ಇಟಲಿಯದು, ಫಿಯೆಟ್ 1100. ಮುಂಬಯಿಯ ಕುರ್ಲಾದಲ್ಲಿ ಪ್ರಿಮಿಯರ್ ಆಟೊಮೊಬೈಲ್ಸ್ ಅದನ್ನು 1964ರಿಂದ ಡಿಲೈಟ್ ಎಂದು ಕಟ್ಟಿ ಮಾರಿತು. ಆಮೇಲೆ ಅದೇ ಕಾರು ಪ್ರೆಸಿಡೆಂಟ್ ಆಯಿತು, 1974ರಲ್ಲಿ ಪದ್ಮಿನಿಯಾಯಿತು. ಹೀಗಾಗಿ ಇಟಲಿಯಿಂದ ಬಂದ ಭಾಗ ತತ್ಸಮ, ಕುರ್ಲಾದಲ್ಲಿ ತಯಾರಾದದ್ದು ತದ್ಭವ, ನಮ್ಮೂರ ಗ್ಯಾರೇಜಿನಲ್ಲಿ ಬಡಿದು ಮಾಡಿದ್ದು ದೇಶ್ಯ. ನನ್ನ ಕಾರಿನ ಬಾನೆಟ್ಟು ತತ್ಸಮ, ಎಡಗಡೆಯ ಮಡ್‌ಗಾರ್ಡು ದೇಶ್ಯ. ಎರಡರ ನಡುವೆ ಕಿರುಬೆರಳು ತೂರುತ್ತದೆ. ಇದು ಅರಿಸಮಾಸ. ಕೇಶಿರಾಜ 13ನೆಯ ಶತಮಾನದಲ್ಲೇ ಎಚ್ಚರಿಸಿದ್ದ, ನಾವು ಕೇಳಲಿಲ್ಲ.

ಒಂದು ಸಂಗತಿಯನ್ನು ಮಾತ್ರ ತಮಾಷೆ ಬಿಟ್ಟು ಹೇಳಬೇಕು. ಲಾರಿಗಿರುವ ಹಾಗೆ ಈ ಕಾರಿಗೆ ಬೇರೆ ಚಾಸಿ ಇಲ್ಲ. ತಗಡನ್ನು ಮಡಚಿ, ಕೊಳವೆಯಂತೆ ಮುಚ್ಚಿ, ಬೆಸೆದು ಮಾಡಿದ ಮೈಯೇ ಅದರ ಎಲುಬು. ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಪಟ್ಟಿ ತುಕ್ಕು ತಿಂದು ಟೊಳ್ಳಾದರೆ ಹೋಗುವುದು ಅಂದ ಅಲ್ಲ, ಸೊಂಟ. ಕಾರು ನಡುವೆ ಕುಸಿದು ಬಾಗಿಲುಗಳು ಮುಚ್ಚದಾಗುತ್ತವೆ. ನನಗಿದು ಗೊತ್ತಾಗುವ ಮುಂಚೆ ನಾನು ಎರಡು ಬಾಗಿಲನ್ನೂ ಬಿಚ್ಚಿ, ಪಟ್ಟಿಯನ್ನೂ ಕತ್ತರಿಸಿ, ಆಮೇಲೆ ಜಾಕ್ ಕೊಟ್ಟಿದ್ದೆ. ಕ್ರಮ ತಲೆಕೆಳಗು. ಮೊದಲು ಅಡಿಗೆ ಆಧಾರ, ಬಾಗಿಲು ಇದ್ದಲ್ಲೇ ಇರಬೇಕು, ಕತ್ತರಿಸುವುದು ಕೊನೆಗೆ.

ಲೋಪಸಂಧಿ

ಸಂಧಿಯೆಂದರೆ ಎರಡು ಕೂಡುವ ಜಾಗ. ತುಕ್ಕು ಕೂರುವುದೂ ಅಲ್ಲೇ. ಎರಡು ತಗಡು ಒಂದರ ಮೇಲೊಂದು ಬಂದ ಕಡೆ, ರಬ್ಬರಿನ ಅಡಿ, ಬಾಗಿಲ ಒಳಗಿನ ಮಡಿಕೆ. ಬಾಗಿಲ ತಳದಲ್ಲಿ ನೀರು ಇಳಿದುಹೋಗಲು ಸಣ್ಣ ತೂತುಗಳಿರುತ್ತವೆ; ಎಲೆ, ಮಣ್ಣು ಸೇರಿ ಅವು ಮುಚ್ಚಿದರೆ ಬಾಗಿಲು ಬಕೆಟ್ಟಾಗುತ್ತದೆ. ಊರು ಮತ್ತು ಅಲ್ಲಿ ಸೇರಿ ಊರಲ್ಲಿ ಆಗುವಾಗ ಒಂದು ಉಕಾರ ಸದ್ದಿಲ್ಲದೆ ಬಿದ್ದುಹೋಗುವ ಹಾಗೆ, ಇಲ್ಲಿ ಕಬ್ಬಿಣ ಬಿದ್ದುಹೋಗುತ್ತದೆ. ಬಿದ್ದದ್ದಕ್ಕೆ ಯಾರೂ ಅಳುವುದಿಲ್ಲ, ಯಾಕೆಂದರೆ ಮೇಲೆ ಬಣ್ಣವಿರುತ್ತದೆ.

ಇನ್ನೊಂದು ವೈಯಾಕರಣ ಚೋದ್ಯ: ಮಳೆಗಾಲ ಎಂಬುದು ಆದೇಶಸಂಧಿಗೆ ಉದಾಹರಣೆ, ಆದರೆ ಲೋಪಕ್ಕೆ ಕಾರಣ. ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಮಳೆ, ಉಳಿದ ದಿನ ಉಪ್ಪುಗಾಳಿ. ಕಬ್ಬಿಣ, ನೀರು, ಗಾಳಿ ಸೇರಿದರೆ ಸಾಕು ತುಕ್ಕು. ಉಪ್ಪು ಅದಕ್ಕೆ ಚುರುಕು ಮುಟ್ಟಿಸುತ್ತದೆ. ತುಕ್ಕಾದ ಕಬ್ಬಿಣ ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತದೆ. ಹಾಗಾಗಿಯೇ ಬಣ್ಣ ಗುಳ್ಳೆ ಏಳುವುದು. ಉದ್ದಿನಕಾಳಷ್ಟು ಗುಳ್ಳೆಯನ್ನು ಸ್ಕ್ರೂಡ್ರೈವರಿನಲ್ಲಿ ಚುಚ್ಚಿದೆ. ಸ್ಕ್ರೂಡ್ರೈವರು ಹಿಡಿಯವರೆಗೂ ಒಳಗೆ ಹೋಯಿತು. ಚಾಲಕನ ಕಾಲಡಿಯ ಮ್ಯಾಟ್ ಎತ್ತಿದಾಗ ಕೆಳಗೆ ಹಟ್ಟಿಯ ನೆಲ ಕಂಡಿತು, ನೆಲದ ಮೇಲೆ ನಮ್ಮ ಕೋಳಿ ಕಂಡಿತು. ಕೋಳಿಯೂ ನನ್ನನ್ನು ಕಂಡಿತು. ಗ್ರಂಥಸಂಪಾದನೆಯಲ್ಲಿ ಇದಕ್ಕೆ ಗ್ರಂಥಪಾತ ಎನ್ನುತ್ತಾರೆ.

ತುಕ್ಕು, ತಿಕ್ಕು ಎಂಬೆರಡು ಶಬ್ದಗಳ ನಡುವೆ ಇರುವುದು ಒಂದು ಕೊಂಬು, ಒಂದು ಗುಡಿಸು. ಈ ಅಂತರವನ್ನು ಕ್ರಮಿಸಲು ನನಗೆ ಮೂರು ತಿಂಗಳು, ಒಂದು ನಾಲ್ಕಿಂಚಿನ ಗ್ರೈಂಡರು, ಎರಡು ವೈರ್ ಕಪ್ಪು ಬೇಕಾದವು. ಗ್ರೈಂಡರಿಗೆ ಸಿಗದ ಮೂಲೆಗಳಿಗೆ ಫಾಸ್ಫಾರಿಕ್ ಆಮ್ಲದ ದ್ರಾವಣ. ಟ್ಯಾನಿನ್ನಿನದೂ ಸಿಗುತ್ತದೆ, ತುಕ್ಕನ್ನು ಅದು ಕಪ್ಪಗೆ ತಿರುಗಿಸಿ ತಡೆಯುತ್ತದೆ. ಅಳಲೆಕಾಯಿಗೆ ಕಬ್ಬಿಣ ಕೂಡಿಸಿ ಮಸಿ ಮಾಡುತ್ತಿದ್ದರಲ್ಲ, ಅದೇ ರಸಾಯನ. ಲಿಪಿಕಾರನ ಮಸಿಯೂ ನನ್ನ ಬಾಗಿಲ ತಳದ ಕಪ್ಪೂ ಒಂದೇ ವಂಶದವು ಎಂದು ತಿಳಿದ ದಿನ ನನಗಾದ ಖುಷಿಯನ್ನು ಹೆಂಡತಿಗೆ ಹೇಳಿದೆ. "ಆಯ್ತು, ಮೊದ್ಲು ಕೈ ತೊಳ್ಕೊಂಡು ಬನ್ನಿ, ಊಟಕ್ಕೆ ಹಾಕಿದೆ" ಅಂದಳು.

ಆಗಮಸಂಧಿ, ಅಥವಾ ಪ್ರಕ್ಷಿಪ್ತ ಭಾಗಗಳ ಸಮಸ್ಯೆ

ಮನೆ ಮತ್ತು ಅಲ್ಲಿ ಕೂಡಿದಾಗ ಎಲ್ಲಿಯೂ ಇಲ್ಲದ ಯಕಾರವೊಂದು ಬಂದು ಕೂರುತ್ತದೆ. ಕಾರಿನಲ್ಲಿ ಹೀಗೆ ಬಂದು ಕೂರುವುದು ಪುಟ್ಟಿ. ಯಾವುದು ಮೂಲ, ಯಾವುದು ಪ್ರಕ್ಷಿಪ್ತ ಎಂದು ಬಗೆಹರಿಸಲು ನಮ್ಮ ವಿದ್ವಾಂಸರು ಶೈಲಿ, ಛಂದಸ್ಸು, ಓಲೆಯ ಪ್ರಾಚೀನತೆ ಎಂದೆಲ್ಲ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನ ಬಳಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಒಂದು ಆಯಸ್ಕಾಂತವಿದೆ. ತಗಡಿದ್ದಲ್ಲಿ ಕಚ್ಚುತ್ತದೆ, ಪುಟ್ಟಿಯಿದ್ದಲ್ಲಿ ಜಾರುತ್ತದೆ. ಎಡ ಹಿಂಬಾಗಿಲಿನಲ್ಲಿ ಅದು ಒಂದೇ ಜಾರಿಗೆ ನೆಲ ಮುಟ್ಟಿತು. ಉಳಿಯಿಂದ ಎಬ್ಬಿಸಿದರೆ ಕಡುಬಿನಷ್ಟು ದಪ್ಪದ ಪುಟ್ಟಿ, ಅದರ ಬೆನ್ನಿಗೆ ತಗಡಿನ ಬದಲು ಮಡಚಿಟ್ಟ ಕನ್ನಡ ದಿನಪತ್ರಿಕೆ. ಆಕರಗಳ ಕೊರತೆ ಎನ್ನುವವರು ಬಂದು ನೋಡಲಿ.

ಪುಟ್ಟಿಯ ಮೇಲೆ ನನಗೆ ದ್ವೇಷವಿಲ್ಲ. ಬಡಿದು ಸಮ ಮಾಡಿದ ಮೇಲೆ ಉಳಿಯುವ ಸಣ್ಣ ತಗ್ಗಿಗೆ ಎರಡು ಮೂರು ಮಿಲಿಮೀಟರು ಬಳಿಯುವುದು ನ್ಯಾಯ. ಅದು ಯಕಾರದಂತೆ, ಉಚ್ಚಾರಕ್ಕೆ ನೆರವು. ತುಕ್ಕಿನ ಮೇಲೆಯೇ ಮೆತ್ತಿದರೆ ಮುಂದಿನ ಮಳೆಗಾಲಕ್ಕೆ ಹಪ್ಪಳದಂತೆ ಏಳುತ್ತದೆ. ಸಂಕಿರಣಗಳಲ್ಲಿ ಕೇಳುವ 'ನೆಲೆ', 'ಚಹರೆ', 'ಕಥನ', 'ಪ್ರತಿರೋಧದ ಪರಿಭಾಷೆ' ಇವೆಲ್ಲ ಎಷ್ಟು ಮಿಲಿಮೀಟರು ಎಂದು ಆಯಸ್ಕಾಂತ ಹಿಡಿದು ನೋಡುವ ಆಸೆ ನನಗೆ ಮೂವತ್ತೊಂದು ವರ್ಷ ಇತ್ತು. ನೋಡಲಿಲ್ಲ. ನಾನೂ ಮೆತ್ತಿದ್ದೇನಲ್ಲ. ಬಡ್ತಿಯ ಅಂಕಗಳಿಗಾಗಿ ನಾನೇ ದುಡ್ಡು ಕಟ್ಟಿ ಅಚ್ಚು ಹಾಕಿಸಿದ ಪ್ರಬಂಧಗಳು ಅಟ್ಟದಲ್ಲಿವೆ. ಯಾರೂ ಓದಿಲ್ಲ, ಗೆದ್ದಲು ಕೂಡ ಅರ್ಧಕ್ಕೆ ಬಿಟ್ಟಿದೆ.

ಆದೇಶಸಂಧಿ

ಒಂದರ ಜಾಗದಲ್ಲಿ ಇನ್ನೊಂದು ಬರುವುದು. ಕಾಲಡಿಯ ತೂತಿನ ಅರ್ಧಕ್ಕೆ ಹಿಂದೆ ಯಾರೋ ಎಣ್ಣೆ ಡಬ್ಬದ ತಗಡು ಕತ್ತರಿಸಿ ರಿವೆಟ್ ಹೊಡೆದಿದ್ದರು. ಅದನ್ನು ಕಿತ್ತು ನಾನು 20 ಗೇಜಿನ ತಗಡು ತಂದೆ. ಮೊದಲು ಆರ್ಕ್ ವೆಲ್ಡಿಂಗಿನಲ್ಲಿ ಪ್ರಯತ್ನಿಸಿದೆ. ಗೇಟು, ಗ್ರಿಲ್ಲು ಬೆಸೆಯುವ ಕಡ್ಡಿ ಈ ತೆಳು ತಗಡಿಗೆ ತಾಗಿದ್ದೇ ತಡ, ಇದ್ದ ಒಂದು ತೂತು ನಾಲ್ಕಾಯಿತು. ಆಮೇಲೆ ಸಿಒಟು ವೆಲ್ಡಿಂಗು ಬಾಡಿಗೆಗೆ ತಂದು ಒಂದೇ ಸಮ ಗೆರೆ ಎಳೆದೆ. ತಗಡು ಕಾದು ಅಲೆಯಲೆಯಾಗಿ ತಿರುಚಿಕೊಂಡಿತು. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ ಇಟ್ಟು, ಆರಲು ಬಿಟ್ಟು, ಮತ್ತೆ ಎದುರಿನ ಬದಿಗೆ ಹೋಗಬೇಕು. ರಂಗೋಲಿಯಲ್ಲಿ ಚುಕ್ಕಿ ಮೊದಲು, ಗೆರೆ ಆಮೇಲೆ ಎಂಬುದು ನಮ್ಮನೆ ಅಂಗಳದಲ್ಲೇ ದಿನವೂ ಕಾಣುತ್ತಿತ್ತು.

ಇಷ್ಟಾಗಿಯೂ ಬಲಬಾಗಿಲು ಚೌಕಟ್ಟಿಗೆ ಕೂರುತ್ತಿಲ್ಲ. ಸಂಧಿಯಾಗಬೇಕಾದ ಕಡೆ ಆಗದೆ ಇದ್ದಂತೆಯೇ ಇರುವುದು ಪ್ರಕೃತಿಭಾವ. ಹೀಗೆ ಒಂಬತ್ತು ಸಂಧಿಗಳನ್ನು ಸೋದಾಹರಣವಾಗಿ ವಿವರಿಸುವುದಾಗಿ ಮನಸ್ಸಿನಲ್ಲಿ ಲೆಕ್ಕ ಹಾಕಿದ್ದೆ. ಸಾಕು. ನನಗೇ ಬೇಸರ ಬಂತು.

ಮೂಲಸ್ವರೂಪ ಎಂಬ ಪರಿಕಲ್ಪನೆ

ಒಮ್ಮೆ ಹಳೆಕಾರುಗಳ ರ್‍ಯಾಲಿ ನೋಡಲು ಹೋಗಿದ್ದೆ. ಟೊಪ್ಪಿ ಹಾಕಿದ ಒಬ್ಬರು ನನ್ನ ಮೊಬೈಲಿನ ಫೋಟೊ ನೋಡಿ, "ಪ್ಯಾನೆಲ್ ಬದಲಾಯಿಸಿದ್ದೀರಿ, ಮೂಲಸ್ವರೂಪ ಹೋಯ್ತು" ಅಂದರು. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದ ಭಾಷೆಯೂ ಹೀಗೆಯೇ: ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಮೂಲಸ್ವರೂಪದಲ್ಲೇ ಇರಬೇಕು, ದೊಡ್ಡ ಮಾರ್ಪಾಡು ಆಗಿರಬಾರದು, ಆಗ 20,000 ರೂಪಾಯಿ ಕಟ್ಟಿದರೆ ವಿಎ ಎಂಬ ಅಕ್ಷರಗಳ ನಂಬರ್ ಪ್ಲೇಟು. ನನ್ನ ಕಾರಿಗೆ 2028ಕ್ಕೆ 50 ತುಂಬುತ್ತದೆ. ಈ ಕಡಲ ಬದಿಯಲ್ಲಿ 50 ವರ್ಷ ಮಳೆಯಲ್ಲಿ ನೆಂದ ಕಾರು ಯಾರ ಕೈಯೂ ತಾಗದೆ ಮೂಲಸ್ವರೂಪದಲ್ಲಿ ಉಳಿದಿದ್ದರೆ ಆ ಸ್ವರೂಪ ಒಂದು ಬುಟ್ಟಿ ಕೆಂಪುಮಣ್ಣು. ಎಸಿ ಶೆಡ್ಡಿನಲ್ಲಿಟ್ಟು ವರ್ಷಕ್ಕೊಮ್ಮೆ ಹೊರಗೆ ತೆಗೆಯುವವರಿಗೆ ಮಾತ್ರ ಮೂಲಸ್ವರೂಪ. ಅಪ್ಪ ಈ ಕಾರಿನಲ್ಲಿ ಅಡಿಕೆ ಸಾಗಿಸಿದ್ದರು, ಹೆರಿಗೆ ನೋವು ತಿನ್ನುತ್ತಿದ್ದ ಪಕ್ಕದ ಮನೆಯಾಕೆಯನ್ನು ಸಾಗಿಸಿದ್ದರು. ಕಾರು ಇಲ್ಲಿಯವರೆಗೆ ಬಂದದ್ದು ಬದಲಾಗುತ್ತ ಬಂದದ್ದರಿಂದ, ಬದಲಾಯಿಸಲು ಒಬ್ಬ ಮೇಸ್ತ್ರಿ ಇದ್ದದ್ದರಿಂದ.

ಆ ಟಿಂಕರಿಂಗ್ ಮೇಸ್ತ್ರಿಯ ಹೆಸರು ಯಾವ ಪತ್ರದಲ್ಲೂ ಇಲ್ಲ. ಆರ್‌ಸಿಯಲ್ಲಿ ಅಪ್ಪನ ಹೆಸರಿದೆ, ಇನ್‌ಶೂರೆನ್ಸಿನಲ್ಲಿ ಅಪ್ಪನ ಹೆಸರಿದೆ. ಒಳಗಿನಿಂದ ಡಾಲಿ ಹಿಡಿದು ಹೊರಗಿನಿಂದ ಬಡಿಯುತ್ತ, ಕಣ್ಣಿನಿಂದಲ್ಲ, ಅಂಗೈ ಸವರಿ ತಗ್ಗು ಹುಡುಕುತ್ತಿದ್ದರು. "ಕಣ್ಣು ಸುಳ್ಳು ಹೇಳ್ತದೆ ಮಾಷ್ಟ್ರೆ, ಕೈ ಹೇಳೂದಿಲ್ಲ" ಎಂದು ನನ್ನ ಅಂಗೈಯನ್ನೂ ಹಿಡಿದು ಸವರಿಸಿದ್ದರು. ಬಣ್ಣ ಹೊಡೆಯುವಾಗ ಬಾಯಿಗೆ ಒಂದು ಬೈರಾಸು ಸುತ್ತಿಕೊಂಡರೆ ಮುಗಿಯಿತು. ಈಚಿನ ಎರಡು ಡಬ್ಬ ಬೆರೆಸುವ ಬಣ್ಣಗಳ ಹಾರ್ಡನರಿನಲ್ಲಿ ಶ್ವಾಸಕೋಶ ಕೆಡಿಸುವ ಐಸೊಸಯನೇಟ್ ಇರುತ್ತದೆ, ಅದಕ್ಕೆ ಬೈರಾಸು ಸಾಲದು ಎಂದು ಅವರಿಗೆ ಯಾರೂ ಹೇಳಲಿಲ್ಲ. ಡಬ್ಬದ ಮೇಲೆ ಸಣ್ಣಕ್ಷರದ ಇಂಗ್ಲಿಷಿನಲ್ಲಿತ್ತು. ಇಂಗ್ಲಿಷ್ ಬರುವ ನಾನು ಪಕ್ಕದ ಸ್ಟೂಲಿನಲ್ಲಿ ಚಾ ಕುಡಿಯುತ್ತ ಕೂತಿರುತ್ತಿದ್ದೆ. ಓದಿ ಹೇಳಲಿಲ್ಲ. ದುಡಿಯುವ ವರ್ಗದ ಸಂವೇದನೆಯ ಬಗ್ಗೆ ಆ ವರ್ಷ ನನ್ನದೇ ಒಂದು ಪ್ರಬಂಧ ಇತ್ತು, ನಲವತ್ತು ಪುಟ. ಮೇಸ್ತ್ರಿ ಕೊನೆಯ ಎರಡು ವರ್ಷ ಅಂಗಳದಲ್ಲಿ ಕೂತು ಉಸಿರೆಳೆಯುತ್ತಿದ್ದ ಸದ್ದು ರಸ್ತೆಗೆ ಕೇಳುತ್ತಿತ್ತು. ಮಗ ಈಗ ಶೋರೂಮೊಂದರಲ್ಲಿದ್ದಾನೆ. ಮಡ್‌ಗಾರ್ಡು ತಗ್ಗಾದರೆ ಬೋಲ್ಟು ಬಿಚ್ಚಿ ಎಸೆದು ಹೊಸತು ಕೂರಿಸುತ್ತಾರಂತೆ. "ಸುತ್ತಿಗೆ ಮುಟ್ಟೂಕಿಲ್ಲ ಸರ್" ಅಂದ.

ಅನುಬಂಧ: ಒಂದು ಅಪ್ರಕಟಿತ ಶಾಸನ

ಹೋದ ವಾರ ಬಲ ಹಿಂಬದಿಯ ಮಡ್‌ಗಾರ್ಡಿನ ಒಳಮೈಯನ್ನು ಕೆರೆದೆ. 1991ರಲ್ಲಿ ಅಪ್ಪ ಮರವಂತೆಯ ಹತ್ತಿರ, ಒಂದು ಕಡೆ ಕಡಲು ಇನ್ನೊಂದು ಕಡೆ ಸೌಪರ್ಣಿಕಾ ನೋಡುತ್ತ ಮೈಲಿಗಲ್ಲಿಗೆ ಗುದ್ದಿದ ಜಾಗ ಅದು. ಒಳಗೆಲ್ಲ ಮೇಸ್ತ್ರಿ ಡಾಂಬರಿನಂಥದ್ದೇನೋ ದಪ್ಪಗೆ ಬಳಿದಿದ್ದರು. ಸೀಮೆಎಣ್ಣೆ ಹಾಕಿ ಒರೆಸಿದೆ. ಅಡಿಯಲ್ಲಿ ತಗಡು ಹೊಚ್ಚಹೊಸದರಂತೆ ಬೆಳ್ಳಗೆ, ಅದರ ಮೇಲೆ ಮೊಳೆಯಲ್ಲಿ ಗೀರಿದ ಅಕ್ಷರ. ಲಿಪಿ: ಕನ್ನಡ. ಭಾಷೆ: ಕನ್ನಡ. ಕಾಲ: ಉಲ್ಲೇಖವಿಲ್ಲ. ಬರೆಸಿದವರು, ಬರೆದವರು: ಉಲ್ಲೇಖವಿಲ್ಲ. ಸುತ್ತಿಗೆ ಹಿಡಿಯಲು ಕಲಿಯುತ್ತಿದ್ದ ಹುಡುಗನಿಗೆ ಹೇಳಿದ್ದಿರಬೇಕು. ಪಾಠ ಹೀಗಿದೆ: "ಪುಟ್ಟಿ ಬೇಡ. ಬಡಿ."

ಬರಿ ತಗಡನ್ನು ಈ ಗಾಳಿಯಲ್ಲಿ ಹಾಗೇ ಬಿಡುವಂತಿಲ್ಲ. ಅವತ್ತೇ ಪ್ರೈಮರ್ ಹೊಡೆಯಬೇಕಿತ್ತು. ಬ್ರಷ್ಷು ಅದ್ದಿದೆ, ಮತ್ತೆ ಡಬ್ಬದ ಮೇಲಿಟ್ಟೆ. ಇವತ್ತು ಬೆಳಗ್ಗೆ ಹಟ್ಟಿಗೆ ಹೋಗಿ ಟಾರ್ಚು ಹಾಕಿ ನೋಡಿದರೆ, 'ಬಡಿ'ಯ ಗುಡಿಸಿನ ಮೇಲೆ ಸಣ್ಣಗೆ ಕೆಂಪು.